2,499 ರೂಪಾಯಿಗೆ ‘5000 ವ್ಯಾಟ್’ ಕಾರ್ ಆಂಪ್ಲಿಫೈಯರ್: ಕೊಳ್ಳಬಹುದೇ?

“ಸ್ಟಾಕ್ ಕ್ಲಿಯರೆನ್ಸ್! 5000 ವ್ಯಾಟ್ ಕಾರ್ ಆಂಪ್ಲಿಫೈಯರ್ ಬರೀ 2,499 ರೂಪಾಯಿ. ಇವತ್ತೊಂದೇ ದಿನ.” ಇಂಥ ಮೆಸೇಜ್ ನಿಮಗೂ ಬಂದಿರಬಹುದು. ನಮ್ಮ ಗುಂಪುಗಳಿಗೂ ಬರುತ್ತಿರುತ್ತದೆ. ಜೊತೆಗೊಂದು ವಿಡಿಯೊ: ಡಿಕ್ಕಿಯಲ್ಲಿಟ್ಟ ಸ್ಪೀಕರ್ ಅದುರುತ್ತಿದೆ, ಹಿಂದಿನ ಗಾಜು ನಡುಗುತ್ತಿದೆ. ಅದರ ಕೆಳಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ಬರುತ್ತವೆ. ಒಬ್ಬರು “ಲಿಂಕ್ ಕಳ್ಸಿ” ಅನ್ನುತ್ತಾರೆ. ಇನ್ನೊಬ್ಬರು “ಅದೆಲ್ಲಾ ಡೂಪ್ಲಿಕೇಟ್ ಮಾಲು, ಹಾಕಿಸಿದ್ರೆ ಕಾರಿಗೆ ಬೆಂಕಿ ಬೀಳುತ್ತೆ” ಅನ್ನುತ್ತಾರೆ.

ಎರಡೂ ಪೂರ್ತಿ ಸರಿಯಲ್ಲ. ಯಾಕೆಂದು ನೋಡೋಣ.

5000 ವ್ಯಾಟ್ ಅಂದರೆ ಎಷ್ಟು?

ಹೊಲದ ಬೋರ್‌ವೆಲ್ ಪಂಪ್ ನೆನಪಿಸಿಕೊಳ್ಳಿ. ಒಂದು ಎಚ್‌ಪಿ ಅಂದರೆ ಸುಮಾರು 746 ವ್ಯಾಟ್. ಹಾಗಾಗಿ 5 ಎಚ್‌ಪಿ ಪಂಪ್‌ನ ಶಕ್ತಿ ಸುಮಾರು 3,730 ವ್ಯಾಟ್. ನೂರಾರು ಅಡಿ ಆಳದಿಂದ ನೀರು ಎತ್ತುವ ಮೋಟಾರಿಗಿಂತ ಸೀಟಿನ ಕೆಳಗಿಡುವ ಪುಟ್ಟ ಡಬ್ಬಿಯ ಶಕ್ತಿ ಜಾಸ್ತಿ ಎಂದು ಈ ಜಾಹೀರಾತು ಹೇಳುತ್ತಿದೆ!

ಅಷ್ಟು ಕರೆಂಟ್ ಕಾರಿನಲ್ಲಿ ಎಲ್ಲಿಂದ ಬರಬೇಕು? ಕಾರಿನ ಬ್ಯಾಟರಿ 12 ವೋಲ್ಟ್‌ನದು. ಎಂಜಿನ್ ಓಡುವಾಗ ಸುಮಾರು 14 ವೋಲ್ಟ್ ಸಿಗುತ್ತದೆ. ವೋಲ್ಟ್ ಮತ್ತು ಆಂಪಿಯರ್ ಗುಣಿಸಿದರೆ ವ್ಯಾಟ್. ಹಾಗಾಗಿ 5000 ವ್ಯಾಟ್‌ಗೆ ಸುಮಾರು 357 ಆಂಪಿಯರ್ ಬೇಕು. ಸಣ್ಣ ಕಾರುಗಳ ಆಲ್ಟರ್ನೇಟರ್ ಸಾಮಾನ್ಯವಾಗಿ 100 ಆಂಪಿಯರ್ ಕೂಡ ಕೊಡುವುದಿಲ್ಲ. ಅದರಲ್ಲೇ ಹೆಡ್‌ಲೈಟ್, ಎಸಿ ಫ್ಯಾನ್, ವೈಪರ್ ಎಲ್ಲವೂ ನಡೆಯಬೇಕು.

ಹಾಗಾದರೆ ಆ ಸಂಖ್ಯೆ ಎಲ್ಲಿಂದ ಬಂತು?

ಹಳೆಯ ಟೇಪ್ ರೆಕಾರ್ಡರ್‌ಗಳ ಮೇಲೆ ಅಂಟಿಸಿರುತ್ತಿದ್ದ ‘ಪಿಎಂಪಿಒ’ ಸ್ಟಿಕ್ಕರ್ ಹಲವರಿಗೆ ನೆನಪಿರಬಹುದು. ಕ್ಷಣಮಾತ್ರ ಬರಬಹುದಾದ ಗರಿಷ್ಠ ಶಕ್ತಿ ಎಂಬ ಹೆಸರಿನಲ್ಲಿ ಬರೆಯುವ ಈ ಅಂಕಿಗೆ ಒಪ್ಪಿತ ಅಳತೆಯ ಕ್ರಮವೇ ಇಲ್ಲ. ‘ಮ್ಯಾಕ್ಸ್ ಪವರ್’, ‘ಪೀಕ್ ಪವರ್’ ಎಂಬ ಹೆಸರಿನಲ್ಲಿ ಪೆಟ್ಟಿಗೆಯ ಮೇಲೆ ಬರುವ ದೊಡ್ಡ ಅಂಕಿಗಳದ್ದೂ ಹೆಚ್ಚಾಗಿ ಇದೇ ಕಥೆ.

ನಾವು ನೋಡಬೇಕಾದದ್ದು ‘ಆರ್‌ಎಂಎಸ್’ ಎಂದು ಬರೆದ ಅಂಕಿ. ಆಂಪ್ಲಿಫೈಯರ್ ನಿರಂತರವಾಗಿ ಎಷ್ಟು ಶಕ್ತಿ ಕೊಡಬಲ್ಲದು ಎಂಬುದನ್ನು ಅದು ಹೇಳುತ್ತದೆ.

ಈ ಗೊಂದಲ ಹೊಸದಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಆಂಪ್ಲಿಫೈಯರ್‌ಗಳ ವ್ಯಾಟ್ ಅಂಕಿಯನ್ನು ಹೇಗೆ ಅಳೆದು ಹೇಳಬೇಕು ಎಂದು ನಿಯಮ ಮಾಡಿತು. ಆದರೆ ಅದು ಮನೆಯಲ್ಲಿ ಬಳಸುವ ಆಂಪ್ಲಿಫೈಯರ್‌ಗಳಿಗೆ ಮಾತ್ರ. ಕಾರಿನವಕ್ಕೆ ‘ಸಿಟಿಎ-2006’ ಎಂಬ ಉದ್ಯಮದ ಮಾನದಂಡ ಇದೆ. 14.4 ವೋಲ್ಟ್‌ನಲ್ಲಿ, 4 ಓಮ್ ಸ್ಪೀಕರ್ ಹೊರೆಗೆ, ದನಿ ಶೇ 1ಕ್ಕಿಂತ ಹೆಚ್ಚು ಕೆಡದಂತೆ ಎಷ್ಟು ವ್ಯಾಟ್ ಬರುತ್ತದೆ ಎಂದು ಅದರಲ್ಲಿ ಅಳೆಯುತ್ತಾರೆ. ಪಾಲಿಸಲೇಬೇಕು ಎಂಬ ಕಡ್ಡಾಯವಿಲ್ಲ. ಪಾಲಿಸಿದ ಕಂಪನಿ ಅದನ್ನು ಪೆಟ್ಟಿಗೆಯ ಮೇಲೆ ಹೇಳಿಕೊಳ್ಳಬಹುದು.

ಫ್ಯೂಸ್ ನೋಡಿದರೆ ಗುಟ್ಟು ರಟ್ಟು

ಆರ್‌ಎಂಎಸ್ ಅಂಕಿಯನ್ನೇ ಸುಳ್ಳು ಬರೆದಿದ್ದರೆ? ಆಗ ಫ್ಯೂಸ್ ನೋಡಿ. ಹೆಚ್ಚಿನ ಆಂಪ್ಲಿಫೈಯರ್‌ಗಳಲ್ಲಿ ಪವರ್ ವೈರ್ ಸಿಕ್ಕಿಸುವ ಜಾಗದ ಪಕ್ಕದಲ್ಲೇ ಬಣ್ಣದ ಫ್ಯೂಸ್ ಇರುತ್ತದೆ. ಅದರ ಮೇಲೆ 20, 25, 30 ಎಂದು ಆಂಪಿಯರ್ ಬರೆದಿರುತ್ತದೆ. ಆನ್‌ಲೈನ್‌ನಲ್ಲಾದರೆ ಫೋಟೊ ದೊಡ್ಡದು ಮಾಡಿ ನೋಡಿ.

ಒಂದು 30 ಆಂಪಿಯರ್ ಫ್ಯೂಸ್ ಇದೆ ಅಂದುಕೊಳ್ಳೋಣ. 30 × 14 = 420 ವ್ಯಾಟ್. ಇದು ಒಳಗೆ ಹೋಗುವ ಶಕ್ತಿ. ‘ಕ್ಲಾಸ್ ಎಬಿ’ ಬಗೆಯದ್ದಾದರೆ ಅದರಲ್ಲಿ ಹೆಚ್ಚುಕಡಿಮೆ ಅರ್ಧ ಬಿಸಿಯಾಗಿ ಹೋಗುತ್ತದೆ. ಸ್ಪೀಕರ್‌ಗೆ ಸಿಗುವುದು 200ರಿಂದ 250 ವ್ಯಾಟ್. ‘ಕ್ಲಾಸ್ ಡಿ’ ಆದರೆ ಶೇ 80ರ ಲೆಕ್ಕದಲ್ಲಿ ಸುಮಾರು 335 ವ್ಯಾಟ್. 5000 ಎಲ್ಲಿ, 335 ಎಲ್ಲಿ? ಅದೂ ಅಂದಾಜಿನ ಮಿತಿ ಮಾತ್ರ. ದೊಡ್ಡ ಫ್ಯೂಸ್ ಇದ್ದ ಮಾತ್ರಕ್ಕೆ ಅಷ್ಟು ಶಕ್ತಿ ಬಂದೇ ಬರುತ್ತದೆ ಎಂದೇನಿಲ್ಲ.

ಹಾಗಂತ ಅಗ್ಗದ್ದೆಲ್ಲ ಕೆಟ್ಟದ್ದೇ?

ಇಲ್ಲ. ಕಾರಿನಲ್ಲಿ ಹಾಡು ಕೇಳಲು 5000 ವ್ಯಾಟ್ ಬೇಕಾಗಿಯೂ ಇಲ್ಲ.

ಡ್ಯಾಶ್‌ಬೋರ್ಡ್‌ನ ಸ್ಟೀರಿಯೊ ಮೇಲೆ ‘4 × 50 ವ್ಯಾಟ್’ ಎಂದು ಬರೆದಿರುವುದನ್ನು ನೋಡಿರುತ್ತೀರಿ. 14.4 ವೋಲ್ಟ್‌ನ ವರ್ಗವನ್ನು 4 ಓಮ್‌ನಿಂದ ಭಾಗಿಸಿದರೆ 52 ಬರುತ್ತದೆ. ದನಿ ಪೂರ್ತಿ ಒಡೆದು ಹೋದಾಗ ಸಿಗುವ ಅಂಕಿ ಅದು. ಶುದ್ಧ ದನಿಗೆ ಸಿಗುವುದು ಅದರ ಅರ್ಧ, ಅಂದರೆ ಹೆಚ್ಚೆಂದರೆ 26 ವ್ಯಾಟ್. ಪ್ರತಿ ಸ್ಪೀಕರ್‌ಗೆ ನಿಜವಾದ 50 ವ್ಯಾಟ್ ಕೊಡುವ ಆಂಪ್ಲಿಫೈಯರ್ ಸಿಕ್ಕರೆ ವಾಲ್ಯೂಮ್ ಏರಿಸಿದಾಗ ದನಿ ಒಡೆಯುವುದು ಕಡಿಮೆಯಾಗುತ್ತದೆ.

ಆದರೆ ವ್ಯಾಟ್ ಎರಡರಷ್ಟಾದರೆ ಸದ್ದು ಎರಡರಷ್ಟಾಗುವುದಿಲ್ಲ, 3 ಡೆಸಿಬಲ್ ಮಾತ್ರ ಏರುತ್ತದೆ. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ವ್ಯಾಟ್ ಸುಮಾರು ಹತ್ತರಷ್ಟಾಗಬೇಕು. ಸ್ಪೀಕರ್ ಪೆಟ್ಟಿಗೆಯ ಮೇಲೆ ‘ಸೆನ್ಸಿಟಿವಿಟಿ’ ಎಂದು ಡೆಸಿಬಲ್‌ನಲ್ಲಿ ಬರೆದಿರುತ್ತಾರೆ. ಅದು 3 ಹೆಚ್ಚಿರುವ ಸ್ಪೀಕರ್ ತಂದರೂ ವ್ಯಾಟ್ ಎರಡರಷ್ಟು ಮಾಡಿದಷ್ಟೇ ಲಾಭ. ಎಷ್ಟೋ ಸಲ ಬೇಕಿರುವುದು ಒಳ್ಳೆಯ ಸ್ಪೀಕರ್, ಆಂಪ್ಲಿಫೈಯರ್ ಅಲ್ಲ.

ಬೆಂಕಿಯ ಮಾತು ನಿಜವೇ?

ಭಯಕ್ಕೆ ಆಧಾರ ಇದೆ. ಆದರೆ ಅನುಮಾನಿಸಬೇಕಾದದ್ದು ಡಬ್ಬಿಯೊಂದನ್ನೇ ಅಲ್ಲ, ವೈರನ್ನೂ. ಬ್ಯಾಟರಿಯಿಂದ ಡಿಕ್ಕಿಯವರೆಗೆ ಒಂದು ಪವರ್ ವೈರ್ ಹೋಗುತ್ತದೆ. ಅದು ತೆಳುವಾಗಿದ್ದರೆ ಬಿಸಿಯಾಗುತ್ತದೆ. ಚೂಪಾದ ತಗಡಿಗೆ ಉಜ್ಜಿ ಮೇಲಿನ ಪ್ಲಾಸ್ಟಿಕ್ ಹರಿದರೆ ಶಾರ್ಟ್ ಆಗುತ್ತದೆ. ಆಂಪ್ಲಿಫೈಯರ್‌ನಲ್ಲಿರುವ ಫ್ಯೂಸ್ ಆಗ ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ಅದು ವೈರಿನ ಇನ್ನೊಂದು ತುದಿಯಲ್ಲಿದೆ. ವೈರನ್ನು ಕಾಯುವುದು ಬ್ಯಾಟರಿಯ ಪಕ್ಕದಲ್ಲಿ ಹಾಕುವ ಇನ್ನೊಂದು ಫ್ಯೂಸ್. ಬೆಲೆ ಇಳಿಸಲು ಕೈಬಿಡುವುದು ಅದನ್ನೇ.

ಅಗ್ಗದ ಕಿಟ್‌ಗಳಲ್ಲಿ ಇನ್ನೊಂದು ಮೋಸ ಇದೆ. ವೈರ್ ತಾಮ್ರದಂತೆ ಕಾಣುತ್ತದೆ, ಒಳಗಿರುವುದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಅಲ್ಯೂಮಿನಿಯಂ ವಿದ್ಯುತ್ತನ್ನು ತಾಮ್ರದ ಶೇ 60ರಷ್ಟು ಮಾತ್ರ ಒಯ್ಯುತ್ತದೆ. ಅದನ್ನು ಬಳಸುವುದಾದರೆ ಇನ್ನೂ ದಪ್ಪ ಬೇಕು.

ಸಾಲ ಮಾಡಿ ಕೊಂಡ ಟ್ಯಾಕ್ಸಿಯಲ್ಲೇ ದಿನವಿಡೀ ಕೂತು ದುಡಿಯುವವರಿಗೆ ಇದು ಬರೀ ಹಾಡಿನ ವಿಷಯವಲ್ಲ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಅನ್ನ ಕೊಡುವ ಗಾಡಿಯನ್ನೇ ಪಣಕ್ಕಿಟ್ಟಂತೆ.

ಕೊಳ್ಳುವ ಮುನ್ನ

- ಆರ್‌ಎಂಎಸ್ ಅಂಕಿ ಎಷ್ಟು, ಎಷ್ಟು ಓಮ್‌ಗೆ ಎಂದು ಕೇಳಿ. ಬರೆದೇ ಇಲ್ಲದಿದ್ದರೆ ಬಿಟ್ಟುಬಿಡಿ.
- ಫ್ಯೂಸ್ ಲೆಕ್ಕ ಹಾಕಿ. ಅದಕ್ಕೂ ಆರ್‌ಎಂಎಸ್ ಅಂಕಿಗೂ ತಾಳೆಯಾಗಬೇಕು.
- ಬಜೆಟ್‌ನಲ್ಲಿ ವೈರ್, ಫ್ಯೂಸ್, ಫಿಟ್ಟಿಂಗ್ ಖರ್ಚನ್ನೂ ಸೇರಿಸಿ.
- ಬ್ಯಾಟರಿಯಿಂದ ಸುಮಾರು 45 ಸೆಂಟಿಮೀಟರ್ ಒಳಗೆ ಫ್ಯೂಸ್ ಹಾಕಿದ್ದಾರಾ, ತಗಡು ದಾಟುವಲ್ಲಿ ರಬ್ಬರ್ ಬುಷ್ ಇದೆಯಾ ಎಂದು ಬಾನೆಟ್ ತೆರೆಸಿ ನೋಡಿ.
- ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡದು ಹಾಕಿಸಬೇಡಿ. ಕಾರಣ ಹುಡುಕಿಸಿ.
- ಕಾರು ವಾರಂಟಿಯಲ್ಲಿದ್ದರೆ ವೈರಿಂಗ್ ಮುಟ್ಟುವ ಮೊದಲು ನಿಯಮ ಓದಿ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಮೊಬೈಲ್‌ನಲ್ಲಿ ತರಿಸಿದರೂ ಲೆಕ್ಕ ಒಂದೇ. ಕಡಿಮೆ ಬೆಲೆಗೆ 50 ವ್ಯಾಟ್ ಎಂದು ಪ್ರಾಮಾಣಿಕವಾಗಿ ಬರೆದ ಡಬ್ಬಿಯನ್ನು ಧೈರ್ಯವಾಗಿ ಪರಿಶೀಲಿಸಬಹುದು. ಅದೇ ಬೆಲೆಗೆ 5000 ಎಂದು ಬರೆದದ್ದು ಮೊದಲ ಸಾಲಿನಲ್ಲೇ ಸುಳ್ಳು ಹೇಳಿದೆ, ಉಳಿದದ್ದನ್ನು ಯಾಕೆ ನಂಬಬೇಕು?

ಮುಂದಿನ ಸಲ ಆ ಮೆಸೇಜ್ ಬಂದಾಗ ಫಾರ್ವರ್ಡ್ ಮಾಡುವ ಬದಲು ಗುಂಪಿನಲ್ಲಿ ಒಂದೇ ಪ್ರಶ್ನೆ ಕೇಳಿ: “ಅದರ ಫ್ಯೂಸ್ ಎಷ್ಟು ಆಂಪಿಯರ್?”