ಅಸಲು ಕರಗಿಸುವ ವ್ಯಾಪಾರ

ಅಸಲನ್ನೇ ಮಾರಿ ಲಾಭವೆಂದು ಬರೆದುಕೊಳ್ಳುವ ಅಂಗಡಿ ಬಹುಕಾಲ ಬಾಳದು. ಆಫ್ರಿಕಾದ ಸರೋವರಗಳ ಸಿಕ್ಲಿಡ್ ಮೀನುಗಳ ವಹಿವಾಟು ಈ ಮಾತಿಗೆ ಉತ್ತಮ ನಿದರ್ಶನ.

ಮಲಾವಿ ಸರೋವರದಲ್ಲಿ 500ಕ್ಕೂ ಅಧಿಕ ಜಾತಿಯ ಸಿಕ್ಲಿಡ್‌ಗಳಿದ್ದು, ಅವುಗಳಲ್ಲಿ ಬಹುಪಾಲು ಜಗತ್ತಿನ ಬೇರೆಲ್ಲಿಯೂ ಇಲ್ಲ. ಸೌಲೋಸಿ ಎಂಬ ಜಾತಿಯ ನೆಲೆಯಂತೂ ಚಿಜುಮುಲು ದ್ವೀಪದ ಬಳಿಯ ಬಂಡೆದಿಬ್ಬಕ್ಕಷ್ಟೇ ಸೀಮಿತ. ಹೆಣ್ಣು ಹಳದಿ, ಗಂಡು ನೀಲಿ. ಈ ಚೆಲುವೇ ಅದಕ್ಕೆ ಮುಳುವಾಯಿತು. 1990ರಲ್ಲಿ ವೈಜ್ಞಾನಿಕ ನಾಮಕರಣಗೊಂಡ ಈ ಮೀನು, ಅಕ್ವೇರಿಯಂ ಮಾರುಕಟ್ಟೆಗಾಗಿ ಮಿತಿಮೀರಿ ಹಿಡಿಯಲ್ಪಟ್ಟು, ಮೂರೇ ದಶಕಗಳೊಳಗೆ ತನ್ನ ನೆಲೆಯಲ್ಲಿ ಅಳಿವಿನಂಚಿಗೆ ಬಂದಿತು.

ವಿಪರ್ಯಾಸವೆಂದರೆ, ಇದನ್ನು ತೊಟ್ಟಿಯಲ್ಲಿ ಮರಿಮಾಡಿಸುವುದು ಕಷ್ಟವಲ್ಲ. ತಾಯಿಮೀನು ಸುಮಾರು ಮೂರು ವಾರ ಮೊಟ್ಟೆಮರಿಗಳನ್ನು ಬಾಯಲ್ಲಿಟ್ಟೇ ಕಾಪಾಡುತ್ತದೆ. ಸಾಕಿದ ಸರಕು ಲಭ್ಯವಿರುವಾಗ ಸರೋವರಕ್ಕೆ ಬಲೆ ಬೀಸುವುದು ಅನಗತ್ಯ.

ಎಲ್ಲ ದೋಷವನ್ನೂ ಅಕ್ವೇರಿಯಂ ವ್ಯಾಪಾರದ ಮೇಲೆ ಹೊರಿಸುವುದು ನ್ಯಾಯವಲ್ಲ. ವಿಕ್ಟೋರಿಯಾ ಸರೋವರಕ್ಕೆ 1950ರ ದಶಕದಲ್ಲಿ ಆಹಾರಕ್ಕೆಂದು ಬಿಟ್ಟ ನೈಲ್ ಪರ್ಚ್ ಮೀನು 1980ರ ದಶಕದಲ್ಲಿ ಅಲ್ಲಿನ ಸಿಕ್ಲಿಡ್‌ಗಳನ್ನು ಅಪಾರವಾಗಿ ನಾಶಪಡಿಸಿತು. ಕೆಲವು ಜಾತಿಗಳು ಉಳಿದದ್ದು ಗಾಜಿನ ತೊಟ್ಟಿಗಳಲ್ಲಿಯೇ. ಆದರೆ ಒಂದೇ ತೊಟ್ಟಿಯಲ್ಲಿ ಹಲವು ಜಾತಿಗಳನ್ನು ಕೂಡಿಹಾಕಿದರೆ ಅವು ಬೆರೆತು ಮಿಶ್ರತಳಿಗಳಾಗುತ್ತವೆ. ಅಂತಹ ಮೀನಿನಿಂದ ಸರೋವರಕ್ಕೂ ಪ್ರಯೋಜನವಿಲ್ಲ, ಸಾಕಣೆದಾರನಿಗೂ ಒಳ್ಳೆಯ ಹೆಸರಿಲ್ಲ.

ಆದುದರಿಂದ ಜಾತಿಯ ಹೆಸರು, ಮೂಲನೆಲೆ, ಸಾಕಿದ್ದೋ ಹಿಡಿದದ್ದೋ ಎಂಬ ವಿವರ ಪ್ರತಿ ಬಿಲ್ಲಿನಲ್ಲಿಯೂ ಇರತಕ್ಕದ್ದು. ಶುದ್ಧ ತಳಿಗೆ ಹೆಚ್ಚಿನ ಬೆಲೆ ತೆರಲು ಗ್ರಾಹಕನೂ ಸಿದ್ಧನಾಗಬೇಕು. ಅಸಲು ಉಳಿದರೆ ಮಾತ್ರ ಬಡ್ಡಿ ಬೆಳೆದೀತು.