ಯುದ್ಧಕಾಲದ ನಿಯಂತ್ರಣವೂ ಕನ್ನಡಿಗರ ಲೆಕ್ಕವೂ

ಬೆಂಗಳೂರಿನ ದಕ್ಷಿಣದಲ್ಲಿ, ಬಿ.ಟಿ.ಎಂ. ಬಡಾವಣೆಯ ಮಗ್ಗುಲಿನ ಹೊಸೂರು ರಸ್ತೆಯಲ್ಲಿ, ಕೇಂದ್ರ ರೇಷ್ಮೆ ಮಂಡಳಿಯ ಪ್ರಧಾನ ಕಚೇರಿಯಿರುವುದು. ದಿನವೂ ಸಾವಿರಾರು ಜನರು ಆ ಹೆಸರನ್ನು ವಾಹನಗಳ ನೂಕುನುಗ್ಗಲಿಗೆ ಪರ್ಯಾಯಪದವಾಗಿ ಬಳಸುವರು. ಅದರ ಹಿಂದೆ ಒಂದು ಯುದ್ಧದ ಕಥೆಯೂ ನಮ್ಮ ನಾಡಿಗೊಂದು ಪಾಠವೂ ಅಡಗಿರುವುದೆಂದು ಬಲ್ಲವರು ವಿರಳ.

ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆಯು ಬಾರದೆ ಹೋದಾಗ, ಪ್ಯಾರಾಚೂಟುಗಳಿಗಾಗಿ ಆಂಗ್ಲ ಸರಕಾರದ ದೃಷ್ಟಿಯು ನಮ್ಮ ರೇಷ್ಮೆಯ ಮೇಲೆ ಬಿದ್ದಿತು. ಮದುವೆಯ ಸೀರೆಯಾಗಬೇಕಾದ ನೂಲು ಸೈನಿಕನ ಕೊಡೆಯಾಯಿತು. 1940ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರಕಾರದೊಡನೆ ಕೂಡಿ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆಯ ಆಡಳಿತವನ್ನು 1942ರಲ್ಲಿ ಭಾರತ ಸರಕಾರವು ವಹಿಸಿಕೊಂಡಿತು; 1943ರಲ್ಲಿ ಅದು ಅಮೆರಿಕದ ಸೇನೆಯ ಕೈಸೇರಿತು.

ಕಲೆಗೂ ಬಿಡುಗಡೆಯಿರಲಿಲ್ಲ. 1934ರಲ್ಲಿ ‘ಸತಿ ಸುಲೋಚನ’ದಿಂದ ಮಾತು ಕಲಿತ ಕನ್ನಡ ಚಲಚ್ಚಿತ್ರವು ಇನ್ನೂ ಹತ್ತು ವರುಷ ತುಂಬದ ಶಿಶು. 1943ರಲ್ಲಿ ಕಚ್ಚಾ ಫಿಲ್ಮಿಗೆ ಪಡಿತರ ಬಂದು, ಕಥಾಚಿತ್ರವು 11,000 ಅಡಿಗಳನ್ನು ಮೀರಕೂಡದೆಂದು ವಿಧಿಸಲಾಯಿತು. ಅದೇ ವರುಷ ಬ್ರಿಟಿಷ್ ಪ್ರಾಂತಗಳ ಚಿತ್ರಮಂದಿರಗಳು ಪ್ರತಿ ಪ್ರದರ್ಶನದಲ್ಲಿಯೂ ಸರಕಾರವು ಒಪ್ಪಿದ ಚಿತ್ರಗಳನ್ನು ಕಡ್ಡಾಯವಾಗಿ ತೋರಿಸಬೇಕಾಯಿತು.

ಯುದ್ಧಕಾಲದಲ್ಲಿ ನಿಯಂತ್ರಣವೇ ಕೂಡದೆಂದು ನಾವು ವಾದಿಸುವವರಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿಯ ನೀರನ್ನು ಅಳೆದು ಕೊಡುವವರಾರು? ಆದರೆ ಅಂಕೆಯಲ್ಲಿಡುವವನು ಯಾರು, ಅವನು ಯಾರಿಗೆ ಉತ್ತರವೀಯತಕ್ಕವನು ಎಂಬುದೇ ಪ್ರಶ್ನೆ. ಜರ್ಮನರು ಆಕ್ರಮಿಸಿದ್ದ ಹಾಲೆಂಡಿನಲ್ಲಿ 1941ರಲ್ಲಿ ಒಂದು ಕಲಾಮಂಡಲವನ್ನು ರಚಿಸಿ, ಅದರ ಸದಸ್ಯರಲ್ಲದ ಕಲಾವಿದರಿಗೆ ವೃತ್ತಿಯನ್ನೇ ನಿಷೇಧಿಸಿದರು. ಅಲ್ಲಿಯ ಕ್ರೌರ್ಯವೂ ಇಲ್ಲಿಯ ಆಳಿಕೆಯೂ ಸಮವಲ್ಲ. ಆಳಿಸಿಕೊಳ್ಳುವವನಿಗೆ ಲೆಕ್ಕ ಕೇಳುವ ಹಕ್ಕಿಲ್ಲದಿರುವುದು ಮಾತ್ರ ಎರಡೂ ಕಡೆ ಒಂದೇ.

ಕನ್ನಡಿಗನಿಗಂತೂ ಎರಡು ಪಟ್ಟು ಅಸಹಾಯಕತೆ. ಚನ್ನಪಟ್ಟಣದ ರೇಷ್ಮೆಯು ಮೈಸೂರು ಸಂಸ್ಥಾನದ್ದು. ಕೆಲವೇ ಹರದಾರಿ ಆಚೆಯ ಕೊಳ್ಳೇಗಾಲದ ರೇಷ್ಮೆಯು ಮದರಾಸಿನ ಕೊಯಮತ್ತೂರು ಜಿಲ್ಲೆಯದು. ಹುಳು ಒಂದೇ, ಸೊಪ್ಪು ಒಂದೇ, ನುಡಿಯೂ ಒಂದೇ. ಸರಕಾರಗಳು ಮಾತ್ರ ಎರಡು. ಧಾರವಾಡವು ಮುಂಬಯಿಯ ಕಡೆಗೂ ರಾಯಚೂರು ಹೈದರಾಬಾದಿನ ಕಡೆಗೂ ಮೊಗಮಾಡಿ ನಿಂತಿದ್ದವು. ಯುದ್ಧ ಮುಗಿದೊಡನೆ ಪ್ಯಾರಾಚೂಟಿನ ಬೇಡಿಕೆಯು ಕರಗಿದಾಗ, ಈ ನಷ್ಟಕ್ಕೆ ಹೊಣೆ ಯಾರೆಂದು ಕನ್ನಡ ನಾಡೆಲ್ಲವೂ ಒಂದೇ ಕಂಠದಿಂದ ಕೇಳುವ ಸಭೆಯೆಂಬುದೇ ಇರಲಿಲ್ಲ.

1948ರ ಕಾಯಿದೆಯಿಂದ 1949ರಲ್ಲಿ ರೇಷ್ಮೆ ಮಂಡಳಿಯು ಹುಟ್ಟಿತು. 1956ರ ನವೆಂಬರ್ 1ರಂದು ಕೊಳ್ಳೇಗಾಲವು ನಮ್ಮೊಡನೆ ಕೂಡಿತು. ಕಾಸರಗೋಡು ಹೊರಗೇ ಉಳಿಯಿತೆಂಬ ನೋವು ಬೇರೆ. ಏಕೀಕರಣವೆಂದರೆ ನಕಾಶೆಯ ಬಣ್ಣವನ್ನು ಬದಲಿಸುವುದಷ್ಟೇ ಅಲ್ಲ, ಒಟ್ಟಾಗಿ ಲೆಕ್ಕ ಕೇಳುವ ಅಧಿಕಾರವನ್ನು ಪಡೆಯುವುದು. ಆ ಅಧಿಕಾರವು ಬಳಸದಿದ್ದರೆ ತುಕ್ಕು ಹಿಡಿಯುವುದು. ಗೂಡಿನ ಬೆಲೆಯೇಕೆ ಇಳಿಯಿತೆಂದು ರೈತನು ಕೇಳಿದರೆ ಅವನ ನುಡಿಯಲ್ಲಿಯೇ ಉತ್ತರ ದೊರೆಯಬೇಕು; ಯಾವ ಚಿತ್ರಕ್ಕೆ, ಯಾವ ನಾಟಕಕ್ಕೆ ಸರಕಾರವು ಏಕೆ ಹಣ ಕೊಟ್ಟಿತು, ಏಕೆ ತಡೆಯೊಡ್ಡಿತು ಎಂಬುದು ಬಹಿರಂಗವಾಗಬೇಕು.

ಉಪಾಧ್ಯಾಯರು ಈ ಚರಿತ್ರೆಯನ್ನು ಮಕ್ಕಳಿಗೆ ಹೇಳಲಿ. ನಾಗರಿಕರು ಲೆಕ್ಕ ಕೇಳುವುದನ್ನು ಮರೆಯದಿರಲಿ. ಕೇಳದವನ ಪಾಲಿಗೆ ಸ್ವರಾಜ್ಯದ ಕಚೇರಿಯೂ ಪರರ ಕಚೇರಿಯೇ.