ಒಳಗಿನ ಆಜ್ಞೆ, ಹೊರಗಿನ ಆಜ್ಞೆ

ಯುನಿಕ್ಸ್, ಲಿನಕ್ಸ್ ಮುಂತಾದ ವ್ಯವಸ್ಥೆಗಳಲ್ಲಿ ನಾವು ಕೀಲಿಮಣೆಯಿಂದ ಕೊಟ್ಟ ಆಜ್ಞೆಯನ್ನು ಓದಿ ನೆರವೇರಿಸುವ ಮಧ್ಯವರ್ತಿಗೆ 'ಶೆಲ್' ಎಂದು ಹೆಸರು. ಇಂತಹ ಆಜ್ಞೆಗಳನ್ನು ಒಂದು ಕಡತದಲ್ಲಿ ಸಾಲಾಗಿ ಬರೆದಿಟ್ಟರೆ ಅದೇ ಶೆಲ್ ಸ್ಕ್ರಿಪ್ಟ್. ಅದು ನಿಧಾನವಾಗಿ ನಡೆದಾಗ ಹೊಸ ಗಣಕವನ್ನು ಬಯಸುವುದು ಸಾಮಾನ್ಯ. ದೋಷವು ಅನೇಕ ವೇಳೆ ಯಂತ್ರದಲ್ಲಿರದೆ ಬರವಣಿಗೆಯಲ್ಲಿರುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಆಜ್ಞೆಗಳಲ್ಲಿ ಎರಡು ಬಗೆ. ಕೆಲವು ಶೆಲ್ಲಿನೊಳಗೇ ಅಡಕವಾಗಿವೆ. ಉಳಿದವು ಡಿಸ್ಕಿನಲ್ಲಿರುವ ಬೇರೆ ಪ್ರೋಗ್ರಾಮುಗಳು. ಹೊರಗಿನ ಆಜ್ಞೆಯನ್ನು ಕರೆದಾಗ ಶೆಲ್ಲು ಮೊದಲು 'ಫೋರ್ಕ್' ಎಂಬ ಕರೆಯಿಂದ ತನ್ನದೇ ಪ್ರತಿರೂಪವಾದ ಹೊಸ ಪ್ರಕ್ರಿಯೆಯನ್ನು ಹುಟ್ಟಿಸುತ್ತದೆ. ಆ ಪ್ರಕ್ರಿಯೆಯು 'ಎಕ್ಸೆಕ್' ಎಂಬ ಕರೆಯಿಂದ ಹಳೆಯ ರೂಪವನ್ನು ಕಳಚಿ, ಬೇಕಾದ ಪ್ರೋಗ್ರಾಮನ್ನು ತುಂಬಿಕೊಳ್ಳುತ್ತದೆ. ಅನಂತರ ಅದಕ್ಕೆ ಅಗತ್ಯವಾದ ಲೈಬ್ರರಿಗಳ ಜೋಡಣೆಯಾಗುತ್ತದೆ. ಕೆಲಸ ಮುಗಿಯುವವರೆಗೆ ಶೆಲ್ಲು ಕಾದಿರುತ್ತದೆ. ಎರಡು ಸಂಖ್ಯೆಗಳನ್ನು ಕೂಡುವುದಕ್ಕೂ ಇಷ್ಟು ಸಂಭ್ರಮ! ಒಳಗಿನ ಆಜ್ಞೆಗೆ ಇದಾವುದೂ ಬೇಡ.

1979ರ ಬೋರ್ನ್ ಶೆಲ್ಲಿಗೆ ಸ್ವತಃ ಲೆಕ್ಕ ಬರುತ್ತಿರಲಿಲ್ಲ. 'ಎಕ್ಸ್‌ಪಿಆರ್' ಎಂಬ ಹೊರಗಿನ ಪ್ರೋಗ್ರಾಮನ್ನೇ ಕರೆಯಬೇಕಾಗಿತ್ತು. ಇಂದು ಬಹಳ ಬಳಕೆಯಲ್ಲಿರುವ ಬ್ಯಾಷ್ ಶೆಲ್ಲಾದರೋ ಕೂಡುವುದನ್ನೂ, ಕಡತದ ಹಾದಿಯಿಂದ ಹೆಸರನ್ನು ಬೇರ್ಪಡಿಸುವುದನ್ನೂ ತಾನೇ ಮಾಡಬಲ್ಲುದು. ಹೀಗಿದ್ದೂ 'ಎಕ್ಸ್‌ಪಿಆರ್', 'ಬೇಸ್‌ನೇಮ್'ಗಳನ್ನು ಹಳೆಯ ರೂಢಿಯಂತೆ ಕರೆಯುವುದು, ಅಂಗೈಯಲ್ಲಿ ಬೆಣ್ಣೆಯಿಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದಂತೆಯೇ ಸರಿ.

ಒಂದು ಕರೆಗೆ ಸೆಕೆಂಡಿನ ಸಾವಿರದಲ್ಲೊಂದು ಭಾಗ ಹಿಡಿಯುವುದೆಂದು ಭಾವಿಸೋಣ. ಇದು ಅಲ್ಪವೆಂದು ತೋರಬಹುದು. ಆದರೆ 10,000 ಕಡತಗಳಿಗೆ ಎರಡೆರಡು ಕರೆಗಳಾದರೆ, ಹುಟ್ಟಿಸಿ ಅಳಿಸುವುದರಲ್ಲಿಯೇ 20 ಸೆಕೆಂಡು ಕಳೆಯಿತು. ಇದನ್ನೇ ಶೆಲ್ಲು ಒಳಗೆ ಮಾಡಿದರೆ ಸಾಧಾರಣ ಗಣಕದಲ್ಲಿಯೂ ಒಂದು ಸೆಕೆಂಡು ಪೂರ್ತಿ ಬೇಕಾಗದು.

ಹಾಗೆಂದು ಹೊರಗಿನ ಆಜ್ಞೆಗಳೆಲ್ಲ ತ್ಯಾಜ್ಯವೆಂದು ನಾವು ಹೇಳುವುದಿಲ್ಲ. ಲಕ್ಷ ಸಾಲುಗಳ ಕಡತವೊಂದನ್ನು ಶೆಲ್ಲೇ ಸಾಲುಸಾಲಾಗಿ ಓದತೊಡಗಿದರೆ ಅದೂ ತೆವಳುತ್ತದೆ. ಅಲ್ಲಿ 'ಗ್ರೆಪ್' ಅಥವಾ 'ಆಕ್' ಅನ್ನು ಒಮ್ಮೆ ಕರೆದು ಇಡೀ ಕಡತವನ್ನು ಒಪ್ಪಿಸುವುದೇ ಜಾಣತನ. ಚಿಕ್ಕ ಕೆಲಸಕ್ಕಾಗಿ ಸಾವಿರ ಬಾರಿ ಕರೆಯುವುದು ಮಾತ್ರ ಸಲ್ಲದು.

ಉತ್ತರ ಸರಿಬಂದರೆ ಸಾಕೆಂದು ತೃಪ್ತಿಪಡುವ ವಿದ್ಯಾರ್ಥಿಗೆ ಈ ವಿವೇಕ ಬರುವುದು ಕಷ್ಟ. ಆಜ್ಞೆಯೊಂದು ಒಳಗಿನದೋ ಹೊರಗಿನದೋ ಎಂಬುದನ್ನು 'ಟೈಪ್' ತಿಳಿಸುತ್ತದೆ. ತಗುಲಿದ ಕಾಲವನ್ನು 'ಟೈಮ್' ಅಳೆದು ಕೊಡುತ್ತದೆ. ನಮ್ಮ ತರುಣ ವಾಚಕರು ಇವೆರಡನ್ನೂ ಬಳಸಿ, ತಾವು ಬರೆದ ಒಂದೊಂದು ಸಾಲಿಗೂ ಯಂತ್ರವು ಎಷ್ಟು ದುಡಿಯುತ್ತದೆಂಬುದನ್ನು ಪರೀಕ್ಷಿಸಿ ನೋಡಲಿ. ಅಳೆಯದೆ ನಂಬುವುದು ವಿಜ್ಞಾನದ ಮಾರ್ಗವಲ್ಲ.